ಮನೆಯ ಸ್ಟೋರೇಜ್ ಸರ್ವರ್‌ನಲ್ಲಿ ಡಿಸ್ಕ್ ದೋಷ: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಮನೆಯಲ್ಲೇ ಸ್ಟೋರೇಜ್ ಸರ್ವರ್ ಇಟ್ಟುಕೊಂಡವರು ಈಗ ಅಲ್ಲಲ್ಲಿ ಸಿಗುತ್ತಾರೆ. ಎರಡೋ ನಾಲ್ಕೋ ಡಿಸ್ಕ್ ಹಾಕಿದ ಪುಟ್ಟ ಪೆಟ್ಟಿಗೆ. ಅದರೊಳಗೆ ತೋಟದ ಲೆಕ್ಕ, ಕಾರ್ಮಿಕರ ಹಾಜರಿ, ಪಹಣಿ ಮತ್ತು ಕ್ರಯಪತ್ರದ ಸ್ಕ್ಯಾನ್ ಪ್ರತಿ, ಸಿಸಿಟಿವಿ ದೃಶ್ಯ, ಮದುವೆಯ ಫೋಟೊ, ಈಗಿಲ್ಲದ ಅಜ್ಜಿಯ ದನಿ. ಮುಂಗಾರಿನ ಮೊದಲ ಜೋರು ಮಳೆಗೆ ರಾತ್ರಿಯಿಡೀ ಕರೆಂಟ್ ಹೋಗಿ ಬಂದು ಮಾಡಿದ ಮೇಲೆ ಬೆಳಿಗ್ಗೆ ಮೊಬೈಲ್‌ಗೆ ಸಂದೇಶ ಬರುತ್ತದೆ: ಎರಡನೇ ಡಿಸ್ಕ್‌ನಲ್ಲಿ ದೋಷ. ಆಗ ಜನ ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ಸರ್ವರ್ ಆಫ್ ಮಾಡಿ ಮತ್ತೆ ಆನ್ ಮಾಡುತ್ತಾರೆ, ಇಲ್ಲವೇ ಆ ಡಿಸ್ಕನ್ನು ಕಿತ್ತು ಹೊಸದಕ್ಕೆ ದುಡ್ಡು ಕಟ್ಟುತ್ತಾರೆ.

ಎರಡೂ ಅವಸರದ ಕೆಲಸ. ಡಿಸ್ಕ್‌ಗೆ ಹೋದ ಒಂದು ಕೋರಿಕೆಗೆ ಸರಿಯಾದ ಉತ್ತರ ವಾಪಸು ಬರಲಿಲ್ಲ ಎಂಬುದಷ್ಟೇ ಸರ್ವರ್‌ಗೆ ಗೊತ್ತಿರುವ ಸಂಗತಿ. ಆ ಕೋರಿಕೆ ಹೋಗಿ ಬರುವ ದಾರಿಯಲ್ಲಿ ಡಿಸ್ಕ್‌ಗಳ ಜೊತೆ ಮಾತಾಡುವ ಕಂಟ್ರೋಲರ್ ಚಿಪ್ ಇದೆ, ಕೇಬಲ್ ಇದೆ, ಕನೆಕ್ಟರ್ ಇದೆ, ಡಿಸ್ಕ್‌ಗೆ ವಿದ್ಯುತ್ ಕೊಡುವ ಪವರ್ ಸಪ್ಲೈ ಇದೆ, ಉತ್ತರವನ್ನು ಹಿಡಿದಿಡುವ ಮೆಮೊರಿ ಇದೆ. ಇವುಗಳಲ್ಲಿ ಯಾವುದು ಕೈಕೊಟ್ಟರೂ ದೂರು ಬರುವುದು ಡಿಸ್ಕ್ ಮೇಲೆಯೇ. ನಮ್ಮ ಕಡೆಯ ಕರೆಂಟು, ನಮ್ಮ ಕಡೆಯ ತೇವ ಎರಡನ್ನೂ ನೋಡಿದರೆ ಡಿಸ್ಕ್ ಹೊರತಾದ ಕಾರಣಗಳನ್ನು ಮೊದಲು ಹುಡುಕುವುದೇ ನ್ಯಾಯ. ಕಾರಣ ಗೊತ್ತಾಗುವ ತನಕ ಡಿಸ್ಕ್ ಮೇಲೆ ಬರೆಯುವಂಥ ಯಾವ ಕೆಲಸವನ್ನೂ ಆರಂಭಿಸಬೇಡಿ. ಮುಂದೆ ಹೇಳುವ ಕ್ರಮವೆಲ್ಲ ಈ ಒಂದು ನಿಯಮದ ಮೇಲೆ ನಿಂತಿದೆ.

ಆದೇಶಗಳನ್ನು ಇಲ್ಲಿ ಓದುವಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕು. ಸಿನಾಲಜಿಯಂಥ ಸಿದ್ಧ ಪೆಟ್ಟಿಗೆ, ಇಲ್ಲವೇ ಟ್ರೂನ್ಯಾಸ್, ಓಪನ್‌ಮೀಡಿಯಾವಾಲ್ಟ್‌ನಂಥ ಸರ್ವರ್ ತಂತ್ರಾಂಶ ಬಳಸುವವರಿಗೆ ಇವುಗಳಲ್ಲಿ ಹೆಚ್ಚಿನವು ಬ್ರೌಸರ್‌ನ ಮೆನುವಿನಲ್ಲೇ ಸಿಗುತ್ತವೆ.

ಮೊದಲ ಗಂಟೆ

ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಬೇಡಿ. ಸಾಯುತ್ತಿರುವ ಡಿಸ್ಕ್‌ಗೆ ನಿಂತು ಮತ್ತೆ ತಿರುಗಲು ಶುರುಮಾಡುವುದೇ ಅತ್ಯಂತ ಕಷ್ಟದ ಕೆಲಸ. ಈಗ ತಿರುಗುತ್ತಿರುವುದು ಮತ್ತೊಮ್ಮೆ ತಿರುಗಲಿಕ್ಕಿಲ್ಲ. ರಿಪೇರಿ ಎಂಬ ಗುಂಡಿ ಕಂಡರೆ ಒತ್ತಬೇಡಿ. ಎಫ್‌ಎಸ್‌ಸಿಕೆ, ಚೆಕ್‌ಡಿಸ್ಕ್‌ನಂಥ ಫೈಲ್ ವ್ಯವಸ್ಥೆ ಸರಿಪಡಿಸುವ ಸಾಧನಗಳು, ಕೇಬಲ್ ದೋಷದಿಂದ ತಪ್ಪಾಗಿ ಓದಿದ್ದನ್ನೇ ನಿಜವೆಂದು ನಂಬಿ, ಚೆನ್ನಾಗಿದ್ದ ಮಾಹಿತಿಯನ್ನು ಅಳಿಸಿಬಿಡಬಲ್ಲವು.

ಸರ್ವರ್ ಇನ್ನೂ ಓದಲು ಸಿಗುತ್ತಿದ್ದರೆ, ಮರಳಿ ಹುಟ್ಟಿಸಲಾಗದ್ದನ್ನು ಮೊದಲು ಹೊರಗಿನ ಯುಎಸ್‌ಬಿ ಡಿಸ್ಕ್‌ಗೆ ನಕಲು ಮಾಡಿ. ಸಿನಿಮಾ ಮತ್ತೆ ಸಿಗುತ್ತದೆ, ಸಿಸಿಟಿವಿಯ ಹೋದ ವಾರದ ದೃಶ್ಯ ಬೇಕಾಗಲಿಕ್ಕಿಲ್ಲ. ಮನೆಯವರ ಫೋಟೊ, ದಾಖಲೆಪತ್ರ, ಲೆಕ್ಕದ ಫೈಲುಗಳು ಸರದಿಯಲ್ಲಿ ಮುಂದೆ ನಿಲ್ಲಬೇಕು. ಅವು ಒಟ್ಟು ಸೇರಿದರೂ ಎಷ್ಟೋ ಮನೆಗಳಲ್ಲಿ ನೂರಿನ್ನೂರು ಗಿಗಾಬೈಟ್ ದಾಟುವುದಿಲ್ಲ. ಹಿಂದಿನ ಬ್ಯಾಕಪ್ ಇರುವ ಡಿಸ್ಕ್ ಮೇಲೆಯೇ ಈ ನಕಲನ್ನು ಹಾಕಬೇಡಿ. ಈಗಿನ ಫೈಲುಗಳಲ್ಲಿ ಕೆಲವು ಆಗಲೇ ಕೆಟ್ಟಿದ್ದರೆ ಕೆಟ್ಟದ್ದು ಒಳ್ಳೆಯದನ್ನು ನುಂಗುತ್ತದೆ.

"ನನ್ನದು ರೇಡ್, ಎರಡು ಡಿಸ್ಕ್‌ಗಳಲ್ಲೂ ಒಂದೇ ಮಾಹಿತಿ ಇದೆಯಲ್ಲ" ಎನ್ನುವವರಿದ್ದಾರೆ. ಒಂದು ಡಿಸ್ಕ್ ಹೊರಬಿದ್ದ ಕ್ಷಣದಿಂದ ನಿಮ್ಮ ಬಳಿ ಇರುವುದು ಒಂದೇ ಪ್ರತಿ. ಅದೂ ಮೊದಲನೆಯದರ ಜೊತೆಗೇ ಕೊಂಡದ್ದು, ಅದೇ ಪೆಟ್ಟಿಗೆಯಲ್ಲಿ ಅದೇ ಸಿಡಿಲು, ಅದೇ ಬಿಸಿ ಕಂಡದ್ದು. ಡಿಸ್ಕ್ ಕೆಟ್ಟರೂ ಸರ್ವರ್ ನಿಲ್ಲದಂತೆ ನೋಡಿಕೊಳ್ಳಲು ರೇಡ್ ಇದೆ. ಬ್ಯಾಕಪ್‌ನ ಕೆಲಸ ಬೇರೆಯೇ.

ಡಿಸ್ಕನ್ನು ಸೀರಿಯಲ್ ನಂಬರ್‌ನಿಂದ ಗುರುತಿಸಿ

ಇಂಥ ಸರ್ವರ್‌ಗಳನ್ನು ನಡೆಸುವ ಕಾರ್ಯವ್ಯವಸ್ಥೆಯಾದ ಲಿನಕ್ಸ್ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂದು ಹೆಸರಿಡುತ್ತದೆ. ಈ ಹೆಸರುಗಳು ಪ್ರತಿ ಬೂಟ್‌ಗೂ ಅದಲುಬದಲಾಗಬಹುದು. ನಿನ್ನೆಯ ಎಸ್‌ಡಿಬಿ ಇವತ್ತು ಎಸ್‌ಡಿಸಿ ಆಗಿರಬಹುದು. ಆದ್ದರಿಂದ ಎಲ್‌ಎಸ್‌ಬಿಎಲ್‌ಕೆ ಆದೇಶಕ್ಕೆ -ಒ ಆಯ್ಕೆ ಕೊಟ್ಟು ನೇಮ್, ಮಾಡೆಲ್, ಸೈಜ್, ಸೀರಿಯಲ್ ಎಂಬ ನಾಲ್ಕು ಕಾಲಂಗಳನ್ನು ತೆಗೆದು ಬರೆದಿಟ್ಟುಕೊಳ್ಳಿ. ಅದೇ ಸೀರಿಯಲ್ ನಂಬರ್ ಡಿಸ್ಕ್ ಮೇಲಿನ ಚೀಟಿಯಲ್ಲೂ ಅಚ್ಚಾಗಿರುತ್ತದೆ. ಕೊನೆಯ ನಾಲ್ಕು ಅಕ್ಷರಗಳನ್ನು ಡಿಸ್ಕ್‌ನ ಹೊರಮೈಯಲ್ಲಿ, ಬಾಗಿಲು ತೆಗೆದ ಕೂಡಲೇ ಕಾಣುವ ಕಡೆ, ಸಣ್ಣ ಲೇಬಲ್‌ನಲ್ಲಿ ಅಂಟಿಸಿ.

ಇದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ಒಂದು ಡಿಸ್ಕ್ ಹೊರಬಿದ್ದ ರೇಡ್‌ನಿಂದ ಕೆಟ್ಟದ್ದರ ಬದಲು ಒಳ್ಳೆಯದನ್ನು ಕಿತ್ತರೆ ಆ ಕ್ಷಣವೇ ಇಡೀ ಸಂಗ್ರಹ ಕುಸಿಯಬಹುದು.

ಲಾಗ್‌ನಲ್ಲಿ ಎರಡು ಬಗೆಯ ಸಾಲುಗಳು

ಡಿಎಂಇಎಸ್‌ಜಿ -ಟಿ ಎಂಬ ಆದೇಶ ಕರ್ನೆಲ್‌ನ (ಲಿನಕ್ಸ್‌ನ ತಿರುಳಿನ) ಲಾಗನ್ನು, ಅಂದರೆ ಘಟನೆಗಳ ದಾಖಲೆಯನ್ನು, ಗಂಟೆ ನಿಮಿಷದೊಂದಿಗೆ ತೋರಿಸುತ್ತದೆ. ಇಲ್ಲಿ ಟಿ ಮಾತ್ರ ದೊಡ್ಡ ಅಕ್ಷರ. ಹಿಂದಿನ ಬೂಟ್‌ಗಳ ಲಾಗ್ ಬೇಕಿದ್ದರೆ ಜರ್ನಲ್‌ಸಿಟಿಎಲ್ -ಕೆ ಜೊತೆಗೆ -ಬಿ -1 ಸೇರಿಸಬೇಕು. ಪರದೆಯ ತುಂಬ ಸಾಲುಗಳು ಬಂದರೆ ಹೆದರಬೇಡಿ. ನಮಗೆ ಬೇಕಾದದ್ದು ಎಟಿಎ1, ಎಟಿಎ3 ಎಂದು ಆರಂಭವಾಗುವ ಸಾಲುಗಳು ಮಾತ್ರ. ಯಾವ ಎಟಿಎ ಸಂಖ್ಯೆ ಯಾವ ಡಿಸ್ಕ್‌ನದು ಎಂದು ತಿಳಿಯಲು ಎಲ್‌ಎಸ್ -ಎಲ್ /ಸಿಸ್/ಬ್ಲಾಕ್ ಎಂದು ಕೊಡಿ. ಪ್ರತಿ ಡಿಸ್ಕ್‌ನ ಹೆಸರಿನ ಮುಂದಿನ ಉದ್ದದ ದಾರಿಯ ನಡುವೆ ಆ ಸಂಖ್ಯೆ ಸಿಗುತ್ತದೆ.

ಇನ್ನು ಆ ಸಾಲುಗಳನ್ನು ಓದಬೇಕು. ರೀಡ್ ಆದೇಶ ವಿಫಲವಾಯಿತು ಎಂಬುದರ ಕೆಳಗೆ ಯುಎನ್‌ಸಿ ಎಂಬ ಮೂರಕ್ಷರವಿದ್ದರೆ, ಡಿಸ್ಕ್ ತಾನೇ ಒಪ್ಪಿಕೊಳ್ಳುತ್ತಿದೆ: ಆ ಸೆಕ್ಟರ್ (ಡಿಸ್ಕ್ ಮೇಲಿನ ಒಂದು ಸಣ್ಣ ತುಣುಕು ಜಾಗ) ಅನ್ನು ಓದಲು ನೋಡಿದೆ, ಆಗಲಿಲ್ಲ. ಇದು ಡಿಸ್ಕ್‌ನ ಒಳಗಿನ ತೊಂದರೆ. ಅದರ ಬದಲು ಐಸಿಆರ್‌ಸಿ, ಎಬಿಆರ್‌ಟಿ ಎಂದಿದ್ದರೆ, ಅಥವಾ ಹಾರ್ಡ್ ರೀಸೆಟಿಂಗ್ ಲಿಂಕ್ ಎಂಬ ಸಾಲು ಮತ್ತೆ ಮತ್ತೆ ಬರುತ್ತಿದ್ದರೆ, ಲಿಂಕ್ ವೇಗವನ್ನು 6ರಿಂದ 3 ಗಿಗಾಬಿಟ್‌ಗೆ ಇಳಿಸಲಾಗಿದೆ ಎಂದಿದ್ದರೆ, ಕಾರಣವನ್ನು ದಾರಿಯಲ್ಲಿ ಹುಡುಕಿ. ಡಿಸ್ಕ್ ಕಳಿಸಿದ್ದು ಸರ್ವರ್‌ಗೆ ತಲುಪುವಷ್ಟರಲ್ಲಿ ಕೆಟ್ಟಿದೆ.

ಇನ್ನೊಂದು ಸುಳಿವು ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಒಂದೇ ನಿಮಿಷದಲ್ಲಿ ಎರಡು ಮೂರು ಡಿಸ್ಕ್‌ಗಳು ದೂರು ಹೇಳಿದ್ದರೆ ಅವೆಲ್ಲ ಒಟ್ಟಿಗೆ ಕೆಟ್ಟಿರುವುದು ತೀರಾ ಅಪರೂಪ. ಅವುಗಳಿಗೆ ಸಮಾನವಾದದ್ದು ಏನಿದೆ ನೋಡಿ. ಪವರ್ ಸಪ್ಲೈ, ಕಂಟ್ರೋಲರ್ ಕಾರ್ಡ್, ಒಂದೇ ತಂತಿಯಿಂದ ಕವಲೊಡೆದ ವಿದ್ಯುತ್ ಕೇಬಲ್ ಇವೇ ಮೊದಲ ಶಂಕಿತರು. ಆ ನಿಮಿಷ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದೂ ಕೇಳಿಕೊಳ್ಳಿ.

ಸ್ಮಾರ್ಟ್ ಅಂಕಿಗಳನ್ನು ಓದುವುದು

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಅದನ್ನು ಸ್ಮಾರ್ಟ್ ಎನ್ನುತ್ತಾರೆ. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡು ಸ್ಮಾರ್ಟ್‌ಸಿಟಿಎಲ್ -ಎಕ್ಸ್ /ಡೆವ್/ಎಸ್‌ಡಿಬಿ ಎಂದು ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಯುಎಸ್‌ಬಿ ಪೆಟ್ಟಿಗೆಯಲ್ಲಿರುವ ಡಿಸ್ಕ್ ಉತ್ತರ ಕೊಡದಿದ್ದರೆ -ಡಿ ಸ್ಯಾಟ್ ಎಂಬ ಆಯ್ಕೆ ಸೇರಿಸಿ ನೋಡಿ.

ಪಟ್ಟಿಯ ಮೇಲ್ಭಾಗದಲ್ಲಿ "ಪಾಸ್ಡ್" ಎಂದು ಬಂದಿರುತ್ತದೆ. ಅದಕ್ಕೆ ಮರುಳಾಗಬೇಡಿ. ತಯಾರಕರು ಇಟ್ಟ ಮಿತಿ ಎಷ್ಟು ಸಡಿಲವೆಂದರೆ, ಓದಲಾಗದ ಸೆಕ್ಟರ್‌ಗಳು ನೂರಿದ್ದರೂ ಡಿಸ್ಕ್ ಪಾಸಾಗಿರುತ್ತದೆ. ನೋಡಬೇಕಾದದ್ದು ರಾ ವ್ಯಾಲ್ಯೂ ಎಂಬ ಕೊನೆಯ ಕಾಲಂ. ಮುಂದೆ 5, 197 ಎಂದು ಹೇಳುವುದೆಲ್ಲ ಪ್ರತಿ ಸಾಲಿನ ಆರಂಭದಲ್ಲಿರುವ ಗುರುತಿನ ಸಂಖ್ಯೆ, ಮೇಲಿನಿಂದ ಎಣಿಸಿದ ಸಾಲಲ್ಲ.

5ನೇ ಸಾಲು, ಡಿಸ್ಕ್ ಕೆಟ್ಟದ್ದೆಂದು ಬದಿಗಿಟ್ಟು ಮೀಸಲು ಜಾಗಕ್ಕೆ ಬದಲಾಯಿಸಿದ ಸೆಕ್ಟರ್‌ಗಳ ಸಂಖ್ಯೆ. 197 ಎಂದರೆ ಈಗ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ಅವುಗಳ ಮೇಲೆ ಮತ್ತೆ ಬರೆದಾಗ ಒಂದೋ ಸರಿಹೋಗುತ್ತವೆ, ಇಲ್ಲವೇ 5ನೇ ಸಾಲಿನ ಲೆಕ್ಕಕ್ಕೆ ಸೇರುತ್ತವೆ. 198 ಡಿಸ್ಕ್ ತನ್ನ ಬಿಡುವಿನಲ್ಲಿ ಪರೀಕ್ಷಿಸಿಕೊಂಡಾಗ ಸಿಕ್ಕ ಓದಲಾಗದ ಸೆಕ್ಟರ್‌ಗಳದ್ದು. 187 ಸರ್ವರ್‌ಗೆ ವರದಿ ಮಾಡಿದ, ಸರಿಪಡಿಸಲಾಗದ ದೋಷಗಳದ್ದು. ಈ ನಾಲ್ಕೂ ಡಿಸ್ಕ್‌ನ ಒಳಗಿನ ಸುದ್ದಿ. 188 ಆದೇಶಕ್ಕೆ ಹೊತ್ತಿಗೆ ಸರಿಯಾಗಿ ಉತ್ತರ ಬಾರದ ಸಲಗಳು; ಇದು ಡಿಸ್ಕ್‌ನದೂ ಇರಬಹುದು, ವಿದ್ಯುತ್ತಿನದೂ ಇರಬಹುದು. 199 ಮಾತ್ರ ಪೂರ್ತಿ ಬೇರೆ ಜಾತಿ. ಅದು ಕೇಬಲ್ ದಾರಿಯಲ್ಲಿ ಕೆಟ್ಟ ಮಾಹಿತಿಯ ಲೆಕ್ಕ. ಅದು ಏರಿತೆಂದು ಡಿಸ್ಕ್ ಬದಲಿಸಿದರೆ ಹೊಸ ಡಿಸ್ಕ್‌ನಲ್ಲೂ ಅದೇ ಏರುತ್ತದೆ.

199 ಒಮ್ಮೆ ಏರಿದ್ದು ಎಂದೂ ಇಳಿಯುವುದಿಲ್ಲ, ಕೇಬಲ್ ಬದಲಿಸಿದರೂ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಸಂಖ್ಯೆ ಎಷ್ಟಿದೆ ಎನ್ನುವುದಕ್ಕಿಂತ ಏರುತ್ತಿದೆಯೇ ಎನ್ನುವುದು ಮುಖ್ಯ. ಕಾಫಿ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು ಸೆಂಟಿನಲ್ಲಿ ದಿನವೂ ಬರೆದಿಡುವ ಪುಸ್ತಕ ಇರುತ್ತದಲ್ಲ, ಇದಕ್ಕೂ ಅಂಥದ್ದೇ ಒಂದು ಪುಸ್ತಕ ಬೇಕು: ತಾರೀಖು, ಡಿಸ್ಕ್‌ನ ಕೊನೆಯ ನಾಲ್ಕು ಅಕ್ಷರ, 5, 197, 198, 199, ಜೊತೆಗೆ 12 (ಡಿಸ್ಕ್‌ಗೆ ವಿದ್ಯುತ್ ಹೋಗಿ ಬಂದ ಲೆಕ್ಕ). ಒಂದು ವರ್ಷದ ಪುಟಗಳಿದ್ದರೆ ಇವತ್ತಿನ ಅಂಕಿ ಗಾಬರಿ ಹುಟ್ಟಿಸಬೇಕೋ ಬೇಡವೋ ಎಂದು ತಾನಾಗಿ ತಿಳಿಯುತ್ತದೆ.

ಸೀಗೇಟ್ ಡಿಸ್ಕ್ ಇರುವವರು 1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ನೋಡಿ ಬೆಚ್ಚುತ್ತಾರೆ. ಆ ಕಂಪನಿ ಅಲ್ಲಿ ಒಟ್ಟು ಕಾರ್ಯಾಚರಣೆ ಮತ್ತು ದೋಷಗಳನ್ನು ಒಂದೇ ಸಂಖ್ಯೆಯಲ್ಲಿ ಕೂಡಿಸಿಡುತ್ತದೆ. ಅದನ್ನು ಬಿಟ್ಟುಬಿಡಿ.

ಸ್ಮಾರ್ಟ್ ಎಲ್ಲವನ್ನೂ ಮುಂಚಿತವಾಗಿ ಹೇಳುತ್ತದೆ ಎಂದು ಮಾತ್ರ ನಂಬಿ ಕೂರಬಾರದು. ಗೂಗಲ್‌ನ ಎಂಜಿನಿಯರ್‌ಗಳು ತಮ್ಮ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಪ್ರಬಲ ಸೂಚಕಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಆದರೆ ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ಉಳಿದವುಗಳಿಗಿಂತ 39 ಪಟ್ಟು ಹೆಚ್ಚಿತ್ತು. ಎಂದರೆ, ಅಂಕಿ ಸುಮ್ಮನಿದ್ದರೆ ನೆಮ್ಮದಿಯೆಂದಲ್ಲ; ಅಂಕಿ ಮಾತಾಡಿದರೆ ಮಾತ್ರ ಕೇಳಲೇಬೇಕು.

ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಇದ್ದರೆ ಮೀಡಿಯಾ ಎರರ್ಸ್ (ಮಾಹಿತಿ ದೋಷಗಳು), ಪರ್ಸೆಂಟೇಜ್ ಯೂಸ್ಡ್ (ಸವೆದ ಪ್ರಮಾಣ), ಅವೈಲಬಲ್ ಸ್ಪೇರ್ (ಉಳಿದ ಮೀಸಲು) ಎಂಬ ಮೂರನ್ನು ನೋಡಿದರೆ ಸಾಕು.

ಕೇಬಲ್ ಮತ್ತು ಕರೆಂಟ್

ಮಲೆನಾಡಿನಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು.

ಸರ್ವರ್ ಪೂರ್ತಿ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ ಇಳಿಯಲು ಬಿಡಿ. ಈಗ ಡಿಸ್ಕ್‌ನ ಮಾಹಿತಿ ಸಾಗಿಸುವ ಸಾಟಾ ಕೇಬಲ್‌ನ ತಲೆಯನ್ನು ಡಿಸ್ಕ್‌ನಿಂದ ಬಿಡಿಸಿ ಟಾರ್ಚ್ ಬೆಳಕಿನಲ್ಲಿ ನೋಡಿ. ಇಂಗ್ಲಿಷ್ ಎಲ್ ಆಕಾರದ ಸೀಳಿನೊಳಗೆ ಸಾಲಾಗಿ ಏಳು ಸಣ್ಣ ಲೋಹದ ನಾಲಗೆಗಳಿರುತ್ತವೆ. ಅವು ಹಳದಿಯಾಗಿ ಹೊಳೆಯಬೇಕು. ಮಬ್ಬಾಗಿದ್ದರೆ, ಹಸಿರು ಚುಕ್ಕೆ ಕಂಡರೆ, ಒಂದು ನಾಲಗೆ ಉಳಿದವುಗಳಿಗಿಂತ ಒಳಕ್ಕೆ ಕುಸಿದಿದ್ದರೆ ಕಾರಣ ಸಿಕ್ಕಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ, ಪುಸ್ತಕಕ್ಕೆ ಬೂಷ್ಟು ಹಿಡಿಯುವ ಮನೆಗಳಲ್ಲಿ ಈ ಸಂಪರ್ಕಗಳೂ ಅದೇ ಗಾಳಿಯಲ್ಲೇ ಇರುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ನಾರು ಬಿಡದ ಬಟ್ಟೆಯಿಂದ ಡಿಸ್ಕ್ ಕಡೆಯ ಸಂಪರ್ಕವನ್ನು ಒರೆಸಿ, ಪೂರ್ತಿ ಆರಲು ಬಿಡಿ. ಕೇಬಲ್ ಅನ್ನಂತೂ ಶುಚಿ ಮಾಡುತ್ತ ಕೂರದೆ ಬದಲಿಸಿ, ಅದರ ಬೆಲೆ ಡಿಸ್ಕ್‌ಗೆ ಹೋಲಿಸಿದರೆ ಏನೇನೂ ಅಲ್ಲ. ಲೋಹದ ಕ್ಲಿಪ್ ಇರುವ, ಕೂಡಿಸಿದಾಗ ಟಕ್ಕೆಂದು ಹಿಡಿದುಕೊಳ್ಳುವ ಕೇಬಲನ್ನೇ ತನ್ನಿ.

ಹೊಸ ಕೇಬಲ್ ಕೈಯಲ್ಲಿ ಇಲ್ಲದಿದ್ದರೆ ಅದಲುಬದಲು ಪರೀಕ್ಷೆ ಮಾಡಬಹುದು. ದೂರು ಹೇಳುವ ಡಿಸ್ಕ್‌ನ ಕೇಬಲ್ಲನ್ನು ಚೆನ್ನಾಗಿರುವ ಡಿಸ್ಕ್‌ಗೆ, ಅದರದ್ದನ್ನು ಇದಕ್ಕೆ ಹಾಕಿ ಎರಡು ದಿನ ಓಡಿಸಿ. ದೋಷ ಡಿಸ್ಕ್ ಜೊತೆ ಹೋಯಿತೋ, ಕೇಬಲ್ ಜೊತೆ ಉಳಿಯಿತೋ ನೋಡಿ. ಕೇಬಲ್ ಜೊತೆ ಉಳಿದರೆ ಕೇಬಲ್ ಅಥವಾ ಅದು ಚುಚ್ಚಿರುವ ಪೋರ್ಟ್ ತಪ್ಪಿತಸ್ಥ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೇಬಲ್, ಪೋರ್ಟ್, ಪವರ್ ಸಪ್ಲೈ ಮೂರನ್ನೂ ಒಂದೇ ಸಂಜೆ ಬದಲಿಸಿದರೆ ದೋಷ ಹೋಗಬಹುದು, ಆದರೆ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಒಂದೇ ಮಾಹಿತಿ ಇರುವ ಎರಡು ಡಿಸ್ಕ್‌ಗಳ ಕನ್ನಡಿ ಜೋಡಿಯಲ್ಲಿ ಒಂದು ಆಗಲೇ ಹೊರಬಿದ್ದಿದ್ದರೆ ಈ ಅದಲುಬದಲಿಗೆ ಹೋಗಬೇಡಿ. ಉಳಿದಿರುವ ಒಳ್ಳೆಯ ಡಿಸ್ಕನ್ನು ಶಂಕಿತ ಕೇಬಲ್‌ಗೆ ಒಪ್ಪಿಸುವುದು ಸರಿಯಲ್ಲ.

ವಿದ್ಯುತ್ತಿನ ವಿಷಯ ಇನ್ನೂ ಸೂಕ್ಷ್ಮ. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟ್ ತಂತಿಯಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ 8 ಆಂಪಿಯರ್, ಅಂದರೆ 96 ವ್ಯಾಟ್, ಬರೀ ಡಿಸ್ಕ್‌ಗಳಿಗೇ. ಹಳೆಯ ಪವರ್ ಸಪ್ಲೈ, ಒಂದನ್ನು ನಾಲ್ಕು ಮಾಡುವ ಅಗ್ಗದ ಸ್ಪ್ಲಿಟರ್ ಇದ್ದಲ್ಲಿ ವೋಲ್ಟೇಜ್ ಕುಸಿಯುತ್ತದೆ, ಡಿಸ್ಕ್ ಒಂದು ಕ್ಷಣ ಮಾಯವಾಗಿ ಮತ್ತೆ ಬರುತ್ತದೆ. ಹಳೆಯ ಮೋಲೆಕ್ಸ್ ವಿದ್ಯುತ್ ಕನೆಕ್ಟರನ್ನು ಸಾಟಾಗೆ ಬದಲಿಸುವ, ಪ್ಲಾಸ್ಟಿಕ್ ಎರಕ ಹೊಯ್ದ ಪರಿವರ್ತಕಗಳಂತೂ ಒಳಗೇ ಶಾರ್ಟ್ ಆಗಿ ಹೊತ್ತಿಕೊಂಡ ಉದಾಹರಣೆಗಳಿವೆ. ನಿಮ್ಮ ಪೆಟ್ಟಿಗೆಯಲ್ಲಿ ಅಂಥದ್ದಿದ್ದರೆ ಇವತ್ತೇ ತೆಗೆಯಿರಿ.

ಮೂಡಿಗೆರೆ ಕಡೆಯ ಒಂದು ತೋಟದ ಮನೆಯಲ್ಲಿ ದೋಷದ ಸಂದೇಶ ಡಿಸೆಂಬರ್‌ನಲ್ಲಿ ಮಾತ್ರ, ಅದೂ ಸಂಜೆ ಹೊತ್ತಿಗೇ ಬರುತ್ತಿತ್ತು. ಮನೆಯವರು ಹೊಸ ಡಿಸ್ಕ್ ಕೊಳ್ಳಲು ಹೊರಟಿದ್ದರು. ಸ್ಮಾರ್ಟ್‌ನಲ್ಲಿ 5 ಮತ್ತು 197 ಸೊನ್ನೆ. ಆದರೆ 12ನೇ ಸಾಲು, ಅಂದರೆ ಡಿಸ್ಕ್‌ಗೆ ವಿದ್ಯುತ್ ಹೋಗಿ ಬಂದ ಲೆಕ್ಕ, ದಿನವೂ ಏರುತ್ತಿತ್ತು. ಜೊತೆಗೆ 192, ವಿದ್ಯುತ್ ಹಠಾತ್ತನೆ ಹೋದಾಗ ಓದುವ ತಲೆ ಹಿಂದೆ ಸರಿದ ಲೆಕ್ಕ, ಅದೂ ಏರುತ್ತಿತ್ತು. ಸರ್ವರ್ ಮಾತ್ರ ಒಮ್ಮೆಯೂ ರೀಸ್ಟಾರ್ಟ್ ಆಗಿರಲಿಲ್ಲ. ಅಪ್‌ಟೈಮ್ ಆದೇಶ ವಾರಗಟ್ಟಲೆ ತೋರಿಸುತ್ತಿತ್ತು. ಸರ್ವರ್ ಎಚ್ಚರವಿದ್ದು ಡಿಸ್ಕ್ ಮಾತ್ರ ಆಫ್ ಆಗಿ ಆನ್ ಆಗುತ್ತಿದೆ ಎಂದರೆ ಡಿಸ್ಕ್‌ಗೆ ಹೋಗುವ ವಿದ್ಯುತ್ತೇ ಕಡಿಯುತ್ತಿದೆ. ಅರೇಬಿಕಾ ಕೊಯ್ಲಿನ ದಿನಗಳು. ಹಣ್ಣು ಬಂದ ಸಂಜೆ ಅದರ ಸಿಪ್ಪೆ ಸುಲಿಯುವ ಪಲ್ಪರ್ ಮೋಟರ್ ಶುರುವಾಗುತ್ತಿತ್ತು. ಅಂಥ ಮೋಟರ್ ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಲೈಟು ಮಂಕಾಗುವುದು ಅದಕ್ಕೇ. ಸವೆದ ಪವರ್ ಸಪ್ಲೈ ಆ ಕುಸಿತವನ್ನು ಡಿಸ್ಕ್‌ಗಳಿಗೆ ದಾಟಿಸುತ್ತಿತ್ತು. ಪವರ್ ಸಪ್ಲೈ ಬದಲಿಸಿ, ವೋಲ್ಟೇಜ್ ತಾನೇ ಸರಿಪಡಿಸುವ ಲೈನ್ ಇಂಟರಾಕ್ಟಿವ್ ಯುಪಿಎಸ್ ಹಾಕಿದ ಮೇಲೆ ಹಳೆಯ ಡಿಸ್ಕೇ ನಿರಾಳವಾಗಿ ಓಡುತ್ತಿದೆ.

ಮನೆಯ ಇನ್ವರ್ಟರ್ ಇದೆಯಲ್ಲ ಎಂದು ಸರ್ವರನ್ನು ಅದಕ್ಕೇ ಬಿಡಬೇಡಿ. ಎಷ್ಟೋ ಇನ್ವರ್ಟರ್‌ಗಳು ಕರೆಂಟ್ ಹೋದಾಗ ಬದಲಾಗಲು ತೆಗೆದುಕೊಳ್ಳುವ ಹೊತ್ತು ಕಂಪ್ಯೂಟರ್‌ಗೆ ಹೆಚ್ಚಾಗುತ್ತದೆ. ಯುಪಿಎಸ್‌ನ ಯುಎಸ್‌ಬಿ ಕೇಬಲನ್ನು ಸರ್ವರ್‌ಗೆ ಕಡ್ಡಾಯವಾಗಿ ಜೋಡಿಸಿ, ನಟ್ ಎಂಬ ತಂತ್ರಾಂಶದಲ್ಲಿ ಬ್ಯಾಟರಿ ಇಳಿದಾಗ ಸರ್ವರ್ ತಾನೇ ಕ್ರಮವಾಗಿ ಮುಚ್ಚಿಕೊಳ್ಳುವಂತೆ ಹೊಂದಿಸಿ. ಬ್ಯಾಟರಿ ಖಾಲಿಯಾಗುವ ತನಕ ಓಡಿ ದಿಢೀರನೆ ನಿಲ್ಲುವ ಸರ್ವರ್‌ಗೆ ಯುಪಿಎಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಪ್ಲಗ್‌ನಿಂದ ಮಾತ್ರ ಬರುವುದಿಲ್ಲ. ಗೇಟಿನ ಕ್ಯಾಮೆರಾದಿಂದ ಬರುವ ಉದ್ದನೆಯ ನೆಟ್‌ವರ್ಕ್ ತಂತಿಯೂ ಅದಕ್ಕೆ ದಾರಿಯೇ. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ದುರ್ಬಲವಾಗಿರುವುದೂ ಆ ಹೊತ್ತಿನಲ್ಲೇ. ಆ ತಿಂಗಳುಗಳಲ್ಲಿ ಅರ್ಥ್ ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್‌ರಿಂದ ಒಮ್ಮೆ ಅಳತೆ ಮಾಡಿಸಿ.

ದೀರ್ಘ ಪರೀಕ್ಷೆ, ಆಮೇಲೆ ಸ್ಕ್ರಬ್

ನಕಲು ಆಗಿದೆ, ಕೇಬಲ್ ಮತ್ತು ವಿದ್ಯುತ್ ಸರಿಯಿದೆ ಎಂದಾದ ಮೇಲೆ ಡಿಸ್ಕ್‌ನ ಸರದಿ. ಸ್ಮಾರ್ಟ್‌ಸಿಟಿಎಲ್ -ಟಿ ಶಾರ್ಟ್ ಎಂದರೆ ಒಂದೆರಡು ನಿಮಿಷದ ಪರೀಕ್ಷೆ; ಅದರಲ್ಲಿ ಪಾಸಾದರೆ ಹೆಚ್ಚೇನೂ ತಿಳಿಯುವುದಿಲ್ಲ. -ಟಿ ಲಾಂಗ್ ಇಡೀ ಮೇಲ್ಮೈಯನ್ನು ಓದುತ್ತದೆ. 4 ಟೆರಾಬೈಟ್‌ನ ಡಿಸ್ಕ್‌ಗೆ ಎಂಟು ಗಂಟೆಯ ಆಸುಪಾಸು, ದೊಡ್ಡದಕ್ಕೆ ಅದಕ್ಕೆ ತಕ್ಕಂತೆ ಹೆಚ್ಚು ಬೇಕು. ನಡುವೆ ಕರೆಂಟ್ ಹೋದರೆ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ. ಫಲಿತಾಂಶವನ್ನು -ಎಲ್ ಸೆಲ್ಫ್‌ಟೆಸ್ಟ್ ಎಂದು ಕೊಟ್ಟು ನೋಡಿ. ರೀಡ್ ಫೇಲ್ಯೂರ್ ಎಂದಿದ್ದು ಪಕ್ಕದಲ್ಲಿ ಸೆಕ್ಟರ್ ಸಂಖ್ಯೆಯೂ ಇದ್ದರೆ ಇನ್ನು ಅನುಮಾನ ಬೇಡ, ದೋಷ ಡಿಸ್ಕ್‌ನದೇ.

ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಬಳಸುವವರು ಝಡ್‌ಪೂಲ್ ಸ್ಟೇಟಸ್ -ವಿ ಕೊಟ್ಟಾಗ ರೀಡ್, ರೈಟ್, ಸಿಕೆಸಮ್ ಎಂಬ ಮೂರು ಕಾಲಂ ಕಾಣುತ್ತವೆ. ಮೊದಲೆರಡು, ಡಿಸ್ಕ್ ಉತ್ತರ ಕೊಡದ ಲೆಕ್ಕ. ಮೂರನೆಯದು ಉತ್ತರ ಬಂದರೂ ಅದು ಬರೆದದ್ದಕ್ಕೆ ಹೊಂದದ ಲೆಕ್ಕ. ಒಂದೇ ಡಿಸ್ಕ್‌ನಲ್ಲಿ ಮೂರನೆಯದು ಏರಿದರೆ ಆ ಡಿಸ್ಕ್ ಅಥವಾ ಅದರ ಕೇಬಲ್. ಎಲ್ಲ ಡಿಸ್ಕ್‌ಗಳಲ್ಲೂ ಹೆಚ್ಚುಕಡಿಮೆ ಸಮನಾಗಿ ಏರಿದ್ದರೆ ಮೆಮೊರಿ ಅಥವಾ ಕಂಟ್ರೋಲರ್ ಮೇಲೆ ಅನುಮಾನ ಪಡಿ, ಮೆಮ್‌ಟೆಸ್ಟ್ ಅನ್ನು ಒಂದು ರಾತ್ರಿಯಿಡೀ ಓಡಿಸಿ. ಕೆಟ್ಟ ಮೆಮೊರಿ ಇಟ್ಟುಕೊಂಡು ಸ್ಕ್ರಬ್ ಮಾಡಬೇಡಿ.

ಎಲ್ಲ ಸರಿಯಿದ್ದರೆ ಝಡ್‌ಪೂಲ್ ಸ್ಕ್ರಬ್ ಕೊಡಿ. ಅದು ಪ್ರತಿಯೊಂದು ಬ್ಲಾಕನ್ನೂ ಓದಿ, ಕೆಟ್ಟದ್ದನ್ನು ಇನ್ನೊಂದು ಪ್ರತಿಯಿಂದ ಸರಿಪಡಿಸುತ್ತದೆ. ಸರಿಪಡಿಸಲಾಗದ ಫೈಲುಗಳ ಹೆಸರನ್ನು ಸ್ಟೇಟಸ್‌ನಲ್ಲೇ ತೋರಿಸುತ್ತದೆ. ಅವನ್ನು ಮಾತ್ರ ಬ್ಯಾಕಪ್‌ನಿಂದ ತಂದರೆ ಸಾಕು. ಲಿನಕ್ಸ್‌ನ ಎಂಡಿಎಡಿಎಂ ಸಾಧನದಿಂದ ಕಟ್ಟಿದ ರೇಡ್‌ನಲ್ಲಿ /ಪ್ರಾಕ್/ಎಂಡಿಸ್ಟ್ಯಾಟ್ ಫೈಲ್ ತೆರೆದಾಗ ಎರಡು ಯು ಅಕ್ಷರ ಇರಬೇಕಾದಲ್ಲಿ ಒಂದು ಯು ಮತ್ತು ಅಡಿಗೆರೆ ಕಂಡರೆ ಒಂದು ಡಿಸ್ಕ್ ಹೊರಗಿದೆ ಎಂದರ್ಥ. ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಡಿವೈಸ್ ಸ್ಟ್ಯಾಟ್ಸ್ ನೋಡಿ. ಸಿದ್ಧ ಪೆಟ್ಟಿಗೆಗಳಲ್ಲಿ ಇದೇ ಕೆಲಸ ಡೇಟಾ ಸ್ಕ್ರಬಿಂಗ್ ಎಂಬ ಹೆಸರಿನಲ್ಲಿದೆ.

ಡಿಸ್ಕ್‌ನಲ್ಲಿ ಏನೂ ಕೆಟ್ಟಿಲ್ಲದಿದ್ದರೂ ರೇಡ್‌ನಿಂದ ಪದೇ ಪದೇ ಹೊರಬೀಳುತ್ತಿದ್ದರೆ ಇನ್ನೊಂದು ಕಾರಣ ಇರಬಹುದು. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಓದಲಾಗದ ಒಂದು ಸೆಕ್ಟರ್‌ಗಾಗಿ ನಿಮಿಷಗಟ್ಟಲೆ ಪ್ರಯತ್ನಿಸುತ್ತದೆ. ಲಿನಕ್ಸ್ 30 ಸೆಕೆಂಡ್ ಕಾದು ಸಂಪರ್ಕವನ್ನೇ ರೀಸೆಟ್ ಮಾಡುತ್ತದೆ. ಸರ್ವರ್‌ಗೆಂದೇ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಬಿಟ್ಟು "ಆಗಲಿಲ್ಲ" ಎನ್ನುತ್ತವೆ. ಸ್ಮಾರ್ಟ್‌ಸಿಟಿಎಲ್ -ಎಲ್ ಎಸ್‌ಸಿಟಿಇಆರ್‌ಸಿ,70,70 ಎಂದು ಕೊಟ್ಟರೆ, ಡಿಸ್ಕ್ ಒಪ್ಪುವುದಾದರೆ, ಅದೇ ಮಿತಿ ಇದಕ್ಕೂ ಬರುತ್ತದೆ. ಎಷ್ಟೋ ಡಿಸ್ಕ್‌ಗಳು ವಿದ್ಯುತ್ ಹೋದರೆ ಇದನ್ನು ಮರೆಯುವುದರಿಂದ ಪ್ರತಿ ಬೂಟ್‌ನಲ್ಲೂ ತಾನಾಗಿ ಓಡುವಂತೆ ಹಾಕಿಡಿ.

ಇಟ್ಟುಕೊಳ್ಳಬೇಕೋ, ಬದಲಿಸಬೇಕೋ

199 ಮಾತ್ರ ಏರಿ, ಕೇಬಲ್ ಬದಲಿಸಿದ ಮೇಲೆ ನಿಂತಿದ್ದರೆ ಡಿಸ್ಕ್ ಇಟ್ಟುಕೊಳ್ಳಿ. 5ರಲ್ಲಿ ಒಂದಂಕಿಯ ಸಂಖ್ಯೆ ಇದ್ದು ತಿಂಗಳುಗಳಿಂದ ಅಲುಗಾಡದೆ, ದೀರ್ಘ ಪರೀಕ್ಷೆಯೂ ಪಾಸಾಗಿದ್ದರೆ ಇನ್ನೊಂದು ಪ್ರತಿ ಇರುವ ಕಡೆ ಅದನ್ನು ಓಡಿಸಬಹುದು, ಪುಸ್ತಕದಲ್ಲಿ ಬರೆಯುತ್ತಿರಬೇಕು. ದೀರ್ಘ ಪರೀಕ್ಷೆ ಸೋತಿದ್ದರೆ, ಅಥವಾ 5, 197 ಎರಡೂ ವಾರದಿಂದ ವಾರಕ್ಕೆ ಏರುತ್ತಿದ್ದರೆ ಬದಲಿಸಿ. ಅಂಥ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, "ಈಗ 197 ಸೊನ್ನೆಯಾಯಿತು" ಎಂದು ಫೋಟೊಗಳಿಗೆ ಮತ್ತೆ ಬಳಸುವುದನ್ನು ನಾನು ಒಪ್ಪುವುದಿಲ್ಲ. ವಾರಂಟಿ ಇದೆಯೇ ಎಂದು ತಯಾರಕರ ತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ. ಕಳಿಸುವ ಮೊದಲು ಅಳಿಸಬಹುದಾದರೆ ಅಳಿಸಿ.

ಹೊಸದನ್ನು ಕೊಳ್ಳುವಾಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದರೂ, ಆನ್‌ಲೈನ್‌ನಲ್ಲಿ ತರಿಸಿದರೂ ಅದು ಸಿಎಂಆರ್ (ಮಾಹಿತಿ ಬರೆಯುವ ಹಾದಿಗಳು ಒಂದರ ಪಕ್ಕ ಒಂದು ಬಿಡಿಯಾಗಿರುವ) ಬಗೆಯದೇ ಎಂದು ಮಾದರಿ ಸಂಖ್ಯೆಯಿಂದ ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್ ಬಗೆಯಲ್ಲಿ ಹಾದಿಗಳು ಒಂದರ ಮೇಲೊಂದು ಸ್ವಲ್ಪ ಹೊದ್ದಿರುತ್ತವೆ. ರೇಡ್ ಮರುಕಟ್ಟುವಾಗ ಅದು ತೀರಾ ನಿಧಾನವಾಗಿ, ಕೆಲವೊಮ್ಮೆ ಕೆಟ್ಟ ಡಿಸ್ಕ್ ಎಂಬಂತೆ ಹೊರಬೀಳುತ್ತದೆ. ಡಬ್ಲ್ಯುಡಿ ರೆಡ್ ಸಾಲಿನ 2ರಿಂದ 6 ಟೆರಾಬೈಟ್‌ನ ಕೆಲವು ಮಾದರಿಗಳು ಎಸ್‌ಎಂಆರ್ ಎಂದು 2020ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಈಗ ರೆಡ್ ಪ್ಲಸ್ ಎಂದು ಬರುವವು ಸಿಎಂಆರ್. ಸೀಗೇಟ್‌ನ ಐರನ್‌ವುಲ್ಫ್ ಕೂಡ ಸಿಎಂಆರ್.

ಹೊಸ ಡಿಸ್ಕ್ ಬಂದ ದಿನವೇ ರೇಡ್‌ಗೆ ಸೇರಿಸಬೇಡಿ. ಘಾಟಿ ಹತ್ತಿ ಬಂದ ಪಾರ್ಸೆಲ್ ಎಷ್ಟು ಸಲ ಬಿದ್ದಿದೆಯೋ. ಮಳೆಗಾಲದ ತಣ್ಣನೆಯ ವಾಹನದಿಂದ ಬೆಚ್ಚನೆಯ ಕೋಣೆಗೆ ಬಂದರೆ ಅದರ ಮೈಮೇಲೆ ನೀರಹನಿ ಕಟ್ಟಬಹುದು. ಪ್ಯಾಕ್ ಬಿಚ್ಚದೆ ಕೆಲವು ಗಂಟೆ ಹಾಗೇ ಇಡಿ. ನಂತರ ಜೋಡಿಸಿ ಒಂದು ದೀರ್ಘ ಪರೀಕ್ಷೆ ಓಡಿಸಿ.

ಇನ್ನು ಬದಲಿಸುವ ಕ್ರಮ. ಖಾಲಿ ಪೋರ್ಟ್ ಇದ್ದರೆ ಹಳೆಯ ಡಿಸ್ಕನ್ನು ಕೀಳದೆಯೇ ಹೊಸದನ್ನು ಪಕ್ಕದಲ್ಲಿ ಹಾಕಿ. ಝಡ್‌ಪೂಲ್ ರಿಪ್ಲೇಸ್ ಎಂದು ಪೂಲ್‌ನ (ಡಿಸ್ಕ್‌ಗಳ ಗುಂಪಿನ) ಹೆಸರು, ಹಳೆಯ ಡಿಸ್ಕ್, ಹೊಸ ಡಿಸ್ಕ್ ಈ ಕ್ರಮದಲ್ಲಿ ಕೊಟ್ಟರೆ, ಸಾಯುತ್ತಿರುವ ಡಿಸ್ಕ್‌ನಲ್ಲಿ ಓದಲು ಸಿಗುವುದೂ ಉಪಯೋಗಕ್ಕೆ ಬರುತ್ತದೆ. ಎಂಡಿಎಡಿಎಂನಲ್ಲಿ --ರಿಪ್ಲೇಸ್ ಮತ್ತು --ವಿತ್ ಇದೇ ಕೆಲಸ ಮಾಡುತ್ತವೆ. ಪೋರ್ಟ್ ಇಲ್ಲದಿದ್ದರೆ ಮಾತ್ರ ಮೊದಲು ಆಫ್‌ಲೈನ್ ಮಾಡಿ, ಸೀರಿಯಲ್ ನಂಬರ್ ಎರಡು ಸಲ ಓದಿ, ಆಮೇಲೆ ಕೀಳಿ. ಮರುಕಟ್ಟುವ ಆ ಗಂಟೆಗಳಲ್ಲಿ ಉಳಿದ ಡಿಸ್ಕ್‌ಗಳು ಎಡೆಬಿಡದೆ ಓದುತ್ತಿರುತ್ತವೆ, ಎರಡನೆಯದು ಕೈಕೊಡುವುದೂ ಹೆಚ್ಚಾಗಿ ಆಗಲೇ. ಗುಡುಗು ಮಳೆಯ ಮುನ್ಸೂಚನೆ ಇರುವ ರಾತ್ರಿ ಇದನ್ನು ಶುರುಮಾಡಬೇಡಿ.

ಒಂದೇ ಡಿಸ್ಕ್, ಬ್ಯಾಕಪ್ ಇಲ್ಲ ಎಂದಾದರೆ

ಟಕ್ ಟಕ್ ಸದ್ದು ಬರುತ್ತಿದ್ದರೆ, ತಿರುಗಲು ಹೋಗಿ ನಿಲ್ಲುತ್ತಿದ್ದರೆ ತಕ್ಷಣ ಆಫ್ ಮಾಡಿ. ಮಾಹಿತಿ ನಿಜಕ್ಕೂ ಬೇಕಿದ್ದರೆ ಧೂಳಿಲ್ಲದ ಕೋಣೆ ಇರುವ ವೃತ್ತಿಪರ ಲ್ಯಾಬ್‌ಗೆ ಕೊಡಿ. ಫ್ರಿಜ್‌ನಲ್ಲಿಡುವುದು, ತಟ್ಟುವುದು, ಮುಚ್ಚಳ ಬಿಚ್ಚುವುದು ಯಾವುದೂ ಬೇಡ.

ಸದ್ದಿಲ್ಲದೆ, ಓದುವಾಗ ಮಾತ್ರ ತಡೆಯುತ್ತಿದ್ದರೆ ಕೆಟ್ಟ ಡಿಸ್ಕ್‌ನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಎಂಬ ಸಾಧನ ಇದೆ. ಡಿಸ್ಕನ್ನು ಮೌಂಟ್ ಮಾಡದೆ (ಫೈಲುಗಳು ತೆರೆಯುವಂತೆ ಜೋಡಿಸದೆ), ಅದಕ್ಕಿಂತ ದೊಡ್ಡ ಒಳ್ಳೆಯ ಡಿಸ್ಕ್ ಮೇಲೆ ಡಿಡಿರೆಸ್ಕ್ಯೂ -ಡಿ -ಎನ್, ಮೂಲ ಡಿಸ್ಕ್, ಇಮೇಜ್ ಫೈಲ್ (ಇಡೀ ಡಿಸ್ಕ್‌ನ ನಕಲು), ಮ್ಯಾಪ್ ಫೈಲ್ ಈ ಕ್ರಮದಲ್ಲಿ ಕೊಡಿ. ಅದು ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಗಳನ್ನು ಮ್ಯಾಪ್ ಫೈಲ್‌ನಲ್ಲಿ ಗುರುತು ಹಾಕಿಡುತ್ತದೆ. ಎರಡನೇ ಸಲ -ಎನ್ ತೆಗೆದು -ಆರ್3 ಹಾಕಿದರೆ ಬಿಟ್ಟುಹೋದದ್ದನ್ನಷ್ಟೇ ಮೂರು ಬಾರಿ ಪ್ರಯತ್ನಿಸುತ್ತದೆ. ಮ್ಯಾಪ್ ಫೈಲ್ ಕಳೆದರೆ ಮೊದಲಿನಿಂದ ಶುರುಮಾಡಬೇಕು, ಜೋಪಾನ. ಫೈಲುಗಳನ್ನು ಹುಡುಕುವುದು, ರಿಪೇರಿ ಮಾಡುವುದು ಎಲ್ಲ ಆ ಇಮೇಜ್‌ನ ಇನ್ನೊಂದು ಪ್ರತಿಯ ಮೇಲೆ ನಡೆಯಲಿ.

ಮುಂದಿನ ಮಳೆಗಾಲಕ್ಕೆ ಮೊದಲು

ಸರ್ವರನ್ನು ಹೊರಗೋಡೆಗೆ ಒತ್ತಿ, ನೆಲದ ಮೇಲೆ ಇಡಬೇಡಿ. ಮಳೆಗಾಲದಲ್ಲಿ ಆ ಗೋಡೆಯೇ ತೇವ ಬಿಡುತ್ತದೆ. ಒಳಕೋಣೆಯಲ್ಲಿ, ಸೊಂಟದ ಎತ್ತರದಲ್ಲಿ, ಹಿಂದೆ ಒಂದು ಗೇಣು ಜಾಗ ಬಿಟ್ಟು ಇಡಿ. ಹೀಲಿಯಂ ತುಂಬಿದ ದೊಡ್ಡ ಡಿಸ್ಕ್‌ಗಳನ್ನು ಬಿಟ್ಟರೆ ಉಳಿದವುಗಳಿಗೆ ಉಸಿರಾಡುವ ಸಣ್ಣ ರಂಧ್ರವಿದೆ. ಅದರ ಮೇಲೆ ನಿಮ್ಮ ಲೇಬಲ್ ಅಂಟಿಸಬೇಡಿ. ಜುಲೈನಲ್ಲಿ ವಾರಗಟ್ಟಲೆ ಆಫ್ ಮಾಡಿಡುವುದಕ್ಕಿಂತ ಓಡುತ್ತಿರುವುದೇ ಮೇಲು, ಒಳಗಿನ ಬೆಚ್ಚನೆ ತೇವವನ್ನು ದೂರ ಇಡುತ್ತದೆ. ತಾಪಮಾನ 30ರಿಂದ 45 ಡಿಗ್ರಿಯೊಳಗೆ ಇರಲಿ. ಪೆಟ್ಟಿಗೆಯ ಬೆಚ್ಚನೆಗೆ ಇರುವೆಗಳು ಗೂಡು ಕಟ್ಟುತ್ತವೆ, ತಿಂಗಳಿಗೊಮ್ಮೆ ತೆರೆದು ನೋಡಿ.

ವಾರಕ್ಕೊಂದು ಸಣ್ಣ ಪರೀಕ್ಷೆ, ತಿಂಗಳಿಗೊಂದು ದೀರ್ಘ ಪರೀಕ್ಷೆ, ತಿಂಗಳಿಗೊಂದು ಸ್ಕ್ರಬ್ ತಾನಾಗಿ ನಡೆಯುವಂತೆ ಹೊಂದಿಸಿ, ಮೂರನ್ನೂ ಬೇರೆ ಬೇರೆ ರಾತ್ರಿಗೆ ಹಾಕಿ. ಎಚ್ಚರಿಕೆಯ ಇಮೇಲ್ ನಿಜಕ್ಕೂ ಬರುತ್ತದೆಯೇ ಎಂದು ಪರೀಕ್ಷಾ ಸಂದೇಶ ಕಳಿಸಿ ನೋಡಿ. ಪಾಸ್‌ವರ್ಡ್ ಬದಲಾಗಿ ಸಂದೇಶವೇ ಹೊರಡದೆ ವರ್ಷ ಕಳೆದ ಸರ್ವರ್‌ಗಳಿವೆ. ಬ್ಯಾಕಪ್ ಡಿಸ್ಕ್ ಎರಡಿರಲಿ. ಒಂದು ಮನೆಯಲ್ಲಿ, ಇನ್ನೊಂದು ಹಾಸನದಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿ, ಎನ್‌ಕ್ರಿಪ್ಟ್ ಮಾಡಿ ಇಡಿ. ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿಕೊಂಡು ಬನ್ನಿ. ತಂದ ಡಿಸ್ಕ್‌ನಿಂದ ನಾಲ್ಕಾರು ಫೋಟೊಗಳನ್ನು, ಒಂದು ಲೆಕ್ಕದ ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿದ ಮೇಲೆಯೇ ಅದರ ಮೇಲೆ ಹೊಸ ಬ್ಯಾಕಪ್ ಬರೆಯಿರಿ.